ರಸಂ ಇಡ್ಲಿ, ನಡುವೆ ಟ್ರಂಪ್

ಮುಂಬೈನ ಮಾಟುಂಗಾ ಸ್ಟೇಷನ್ ಹತ್ತಿರದ ಈ ಉಡುಪಿ ಹೋಟೆಲ್‌ಗೆ ಕಾಲೇಜು ದಿನಗಳಿಂದ ಹೋಗುತ್ತಿದ್ದೇನೆ. 2024ರ ನವೆಂಬರ್ 4, ಸೋಮವಾರ ಸಂಜೆ ದೀಪಾವಳಿಗೆ ಬಂದಿದ್ದ ಅಕ್ಕ, ಭಾವನ ಜೊತೆ ಹೋದೆ. ಮರುದಿನ ಅಮೆರಿಕದ ಅಧ್ಯಕ್ಷರ ಚುನಾವಣೆ. ಇಬ್ಬರೂ ಅಲ್ಲಿನ ಪೆನ್ಸಿಲ್ವೇನಿಯಾ ರಾಜ್ಯದ ಮತದಾರರು. ಅಂಚೆಯಲ್ಲಿ ವೋಟು ಹಾಕಿಯೇ ವಿಮಾನ ಹತ್ತಿದವರು. ಅಕ್ಕ ಕಮಲಾ ಹ್ಯಾರಿಸ್ ಕಡೆ, ಭಾವ ಟ್ರಂಪ್ ಕಡೆ.

ರಸಂ ಇಡ್ಲಿ ಬಂತು. ಇಡ್ಲಿ ಹತ್ತಿಯಂತೆ ಮೆತ್ತಗೆ, ರಸಂನಲ್ಲಿ ಮೂಗಿಗೇರುವ ಮೆಣಸಿನ ಘಾಟು. ಅದಕ್ಕೆ ಪೂರ್ತಿ ಅಂಕ. ಒಂದು ತುಂಡು ಮುರಿಯುವಷ್ಟರಲ್ಲಿ ಜಗಳ ಶುರು. ಭಾವನಿಗೆ ದಿನಸಿ ರೇಟಿನ ಚಿಂತೆ, ಗಡಿ ದಾಟಿ ಬರುವ ವಲಸಿಗರ ಚಿಂತೆ. ಅಕ್ಕನಿಗೆ ದೇಶದಾದ್ಯಂತ ಇದ್ದ ಗರ್ಭಪಾತದ ಹಕ್ಕು ತೆಗೆದ 2022ರ ಸುಪ್ರೀಂ ಕೋರ್ಟ್ ತೀರ್ಪಿನ ಸಿಟ್ಟು. "ಕಮಲಾ ತಾಯಿ ಇಡ್ಲಿ ಊರಿನವರು ಕಣ್ರೀ" ಅಂದಳು. "ಅದಕ್ಕೇ ವೋಟು ಹಾಕ್ಬೇಕಾ?" ಅಂದರು ಭಾವ.

"ದೇಶದಲ್ಲಿ ಯಾರಿಗೆ ಜಾಸ್ತಿ ವೋಟೋ ಅವರೇ ಗೆಲ್ಲೋದು ಅಲ್ವಾ?" ಅಂತ ಸುಮ್ನೆ ಕೇಳಿದೆ. ಇಬ್ಬರೂ ಸೇರಿ ನನ್ನ ಮೇಲೆ ಬಿದ್ದರು. ರಾಜ್ಯಗಳಿಗೆ ಹಂಚಿದ, ಹೆಚ್ಚಾಗಿ ಆಯಾ ರಾಜ್ಯದಲ್ಲಿ ಗೆದ್ದವರಿಗೇ ಪೂರ್ತಿ ಹೋಗುವ 538 ಎಲೆಕ್ಟೋರಲ್ ವೋಟುಗಳಲ್ಲಿ 270 ಬೇಕಂತೆ, ಅವರ ರಾಜ್ಯದ್ದೇ 19. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ದೇಶದಲ್ಲಿ ಟ್ರಂಪ್‌ಗಿಂತ 28 ಲಕ್ಷಕ್ಕೂ ಜಾಸ್ತಿ ವೋಟು ಬಿದ್ದರೂ ಸೋತರು. ಆ ಸಂಜೆ ಇಬ್ಬರೂ ಒಪ್ಪಿದ ಮಾತು ಇದೊಂದೇ.

ಮಸಾಲೆ ದೋಸೆ ಗರಿಗರಿ, ಪಲ್ಯಕ್ಕೆ ಉಪ್ಪು ಕಮ್ಮಿ. ಎರಡನೇ ಕಾಫಿ ತಣ್ಣಗಿತ್ತು, ಕೇಳದೆಯೇ ಬಿಲ್ ತಂದಿಟ್ಟರು. ಕುಂದಾಪುರ ಕಡೆಯ ಸಪ್ಲೈಯರ್ ಮಾತ್ರ ನಗುತ್ತಾ, "ನಮ್ದು ಇಲ್ಲಿ ಮಹಾರಾಷ್ಟ್ರದ ಎಲೆಕ್ಷನ್ 20ಕ್ಕೆ, ಆಗ ಬನ್ನಿ" ಅಂದ.

ಭಾನುವಾರ ಹೋಗಬೇಡಿ, ಕ್ಯೂ ರಸ್ತೆವರೆಗೂ ಇರುತ್ತದೆ.