ಎಪಿ ಅಮೆರಿಕನ್ ಇತಿಹಾಸಕ್ಕೆ ಆನ್‌ಲೈನ್ ಟ್ಯೂಷನ್: ಸೆಪ್ಟೆಂಬರಿನಿಂದ ಮೇವರೆಗೆ ಬಳಸಿದ ಮೇಲೆ

ಅಮೆರಿಕದ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಓದಿ ಪರೀಕ್ಷೆ ಬರೆಯುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಇತಿಹಾಸಕ್ಕೆ ಕೊಂಡ ಟ್ಯೂಷನ್‌ಗೆ ನನ್ನ ಅಂಕ ಐದಕ್ಕೆ ಮೂರೂವರೆ. ಪಾಠ ಹೇಳಿದ್ದಕ್ಕೆ ಎರಡು, ಬರೆದದ್ದನ್ನು ತಿದ್ದಿಕೊಟ್ಟದ್ದಕ್ಕೆ ಐದು, ಸರಾಸರಿ ಅಷ್ಟಾಗುತ್ತದೆ. ಟ್ಯೂಷನ್‌ಗೆ ದುಡ್ಡು ಕಟ್ಟುವ ಮುಂಚೆ ಈ ಎರಡನ್ನು ಬೇರೆಬೇರೆಯಾಗಿ ತೂಗಿ ನೋಡಬೇಕು.

ಸೇವೆಯ ಸ್ವರೂಪ ಹೀಗಿತ್ತು: ಒಬ್ಬ ವಿದ್ಯಾರ್ಥಿಗೆ ಒಬ್ಬ ಟ್ಯೂಟರ್, ವಾರಕ್ಕೊಮ್ಮೆ 60 ನಿಮಿಷದ ವಿಡಿಯೊ ತರಗತಿ, ಸೆಪ್ಟೆಂಬರಿನಿಂದ ಮೇ ಮೊದಲ ವಾರದವರೆಗೆ 32 ತರಗತಿ. ಪ್ರಬಂಧ ತಿದ್ದುವುದಕ್ಕೆ ಪ್ರತ್ಯೇಕ ಲೆಕ್ಕ. ಕಂಪನಿಯ ಹೆಸರು ಇಲ್ಲಿ ಬೇಡ. ಈ ಬಗೆಯ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಕೆಳಗಿನ ಪರೀಕ್ಷೆಯ ಅಂಕೆಗಳೆಲ್ಲ 2025ರ ಮೇ ಪರೀಕ್ಷೆಯ ಪ್ರಕಾರ.

ಮೊದಲು ಪರೀಕ್ಷೆಯ ಲೆಕ್ಕ. ಒಟ್ಟು 3 ಗಂಟೆ 15 ನಿಮಿಷ. ಬಹುಆಯ್ಕೆಯ 55 ಪ್ರಶ್ನೆಗಳಿಗೆ 55 ನಿಮಿಷ, ಶೇ. 40 ತೂಕ. ಮೂರು ಕಿರು ಉತ್ತರಗಳಿಗೆ 40 ನಿಮಿಷ, ಶೇ. 20. ಏಳು ದಾಖಲೆಗಳನ್ನು ಓದಿ ಬರೆಯುವ ಪ್ರಬಂಧಕ್ಕೆ, ಅಂದರೆ ಮಕ್ಕಳ ಬಾಯಲ್ಲಿ ಡಿಬಿಕ್ಯೂಗೆ, 60 ನಿಮಿಷ, ಶೇ. 25. ದಾಖಲೆಯಿಲ್ಲದ ದೀರ್ಘ ಪ್ರಬಂಧ ಎಲ್‌ಇಕ್ಯೂಗೆ 40 ನಿಮಿಷ, ಶೇ. 15. ಕೂಡಿ ನೋಡಿದರೆ ನೂರಕ್ಕೆ ಅರವತ್ತು ಪಾಲು ಬರವಣಿಗೆಯದೇ. ಆದರೆ ಟ್ಯೂಷನ್ ಕಂಪನಿಗಳು ಮಾರುವುದು ಹೆಚ್ಚಾಗಿ ಉಪನ್ಯಾಸ. ತೊಡಕು ಹುಟ್ಟುವುದು ಅಲ್ಲೇ.

ಉಪನ್ಯಾಸಕ್ಕೆ ದುಡ್ಡು ಕೊಡುವುದು ದಂಡ ಎನ್ನಲು ಕಾರಣವಿದೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನದೇ ಎಪಿ ಕ್ಲಾಸ್‌ರೂಮ್ ಎಂಬ ತಾಣದಲ್ಲಿ ಘಟಕವಾರು ವಿಡಿಯೊ ಪಾಠಗಳೂ ಅಭ್ಯಾಸ ಪ್ರಶ್ನೆಗಳೂ ಇವೆ. ಶಾಲೆಯಲ್ಲಿ ಎಪಿ ತರಗತಿಗೆ ಸೇರಿದ ವಿದ್ಯಾರ್ಥಿಗೆ ಅವು ಉಚಿತ. ಖಾನ್ ಅಕಾಡೆಮಿಯಲ್ಲಿಯೂ ಇದೇ ವಿಷಯದ ಉಚಿತ ಪಾಠಮಾಲೆ ಇದೆ. ಸ್ಟ್ಯಾಂಪ್ ಆಕ್ಟ್ 1765ರಲ್ಲಿ ಬಂತು, ಟೀ ಆಕ್ಟ್ 1773ರಲ್ಲಿ ಬಂತು ಎಂದು ಕೇಳಿಸಿಕೊಳ್ಳಲು ಗಂಟೆಗೆ ಡಾಲರ್ ತೆರಬೇಕಿಲ್ಲ. ಹೀಗಿದ್ದೂ ಮೊದಲ ಆರು ತರಗತಿಗಳು ಕೊಲಂಬಸ್‌ನಿಂದ ಹಿಡಿದು ವರ್ಜೀನಿಯಾದ ಹೊಗೆಸೊಪ್ಪಿನ ತೋಟಗಳವರೆಗಿನ ಕಥಾಕಾಲಕ್ಷೇಪದಲ್ಲೇ ಹೋದವು. ಪಠ್ಯಕ್ರಮದ ಒಂಬತ್ತು ಘಟಕಗಳಲ್ಲಿ ಮೊದಲನೆಯದಕ್ಕೆ (1491–1607) ಪರೀಕ್ಷೆಯಲ್ಲಿರುವ ತೂಕ ಶೇ. 4ರಿಂದ 6, ಎರಡನೆಯದಕ್ಕೆ (1607–1754) ಶೇ. 6ರಿಂದ 8. ಮೂರರಿಂದ ಎಂಟರವರೆಗಿನ ಘಟಕಗಳಿಗೆ, ಅಂದರೆ 1754ರಿಂದ 1980ರವರೆಗಿನ ಕಾಲಕ್ಕೆ, ತಲಾ ಶೇ. 10ರಿಂದ 17. ಡಿಬಿಕ್ಯೂ ಕೂಡ ಈ ಕಾಲದ ಒಳಗಿನಿಂದಲೇ ಬರುತ್ತದೆ. ಆರು ವಾರವನ್ನು ಎಲ್ಲಿ ಖರ್ಚು ಮಾಡಬೇಕಿತ್ತು ಎನ್ನುವುದನ್ನು ಈ ಅಂಕೆಗಳೇ ಹೇಳುತ್ತವೆ.

ಅಕ್ಟೋಬರ್ ಕೊನೆಗೆ ಕ್ರಮ ಬದಲಾಯಿತು. ತರಗತಿಗೆ ಎರಡು ದಿನ ಮುಂಚೆ ಬರೆದ ಪ್ರಬಂಧ ಕಳಿಸುವುದು, ಟ್ಯೂಟರ್ ಅದನ್ನು ಅಧಿಕೃತ ರೂಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಎನ್ನುವ ನಿಯಮಪಟ್ಟಿ) ಇಟ್ಟುಕೊಂಡು ಅಂಕ ಹಾಕಿ ತರುವುದು, ತರಗತಿಯ 60 ನಿಮಿಷವೂ ಆ ಒಂದೇ ಪ್ರಬಂಧದ ಮೇಲೆ. ಐದು ಅಂಕ ಸಿಕ್ಕಿರುವುದು ಈ ಭಾಗಕ್ಕೆ.

ಡಿಬಿಕ್ಯೂಗೆ ಒಟ್ಟು 7 ಅಂಕ: ಥೀಸಿಸ್‌ಗೆ, ಅಂದರೆ ಪ್ರಬಂಧದ ಮುಖ್ಯ ವಾದವನ್ನು ಹೇಳುವ ವಾಕ್ಯಕ್ಕೆ, 1, ಹಿನ್ನೆಲೆಗೆ 1, ದಾಖಲೆಗಳ ಬಳಕೆಗೆ 2, ದಾಖಲೆಗಳ ಹೊರಗಿನ ಪುರಾವೆಗೆ 1, ದಾಖಲೆ ಯಾರು ಯಾಕೆ ಬರೆದದ್ದು ಎನ್ನುವ ವಿಶ್ಲೇಷಣೆಗೆ 1, ವಾದದ ಸಂಕೀರ್ಣತೆಗೆ 1. ಅಂಕ ಸೋರಿಹೋಗುವ ಜಾಗಗಳು ಪ್ರತಿ ಸಲವೂ ಅವೇ. ಒಂದು ಮಾದರಿ ಪ್ರಶ್ನೆ ಇಟ್ಟುಕೊಂಡು ನೋಡೋಣ: ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಕಾಲ (1865–1877) ದಕ್ಷಿಣದ ಕಪ್ಪು ಜನರ ಬದುಕನ್ನು ಎಷ್ಟರಮಟ್ಟಿಗೆ ಬದಲಿಸಿತು?

"ಪುನರ್ನಿರ್ಮಾಣ ಕಾಲದಲ್ಲಿ ಬಹಳಷ್ಟು ಬದಲಾಯಿತು, ಕೆಲವು ಬದಲಾಗಲಿಲ್ಲ" ಎಂದು ಬರೆದರೆ ಥೀಸಿಸ್ ಅಂಕವಿಲ್ಲ. ಅದು ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತಾಯಿತು. ವಾದ ಯಾವ ದಾರಿಯಲ್ಲಿ ಹೋಗುತ್ತದೆಂದು ಓದುವವರಿಗೆ ಗೊತ್ತಾಗುವುದಿಲ್ಲ. "ಸಂವಿಧಾನದ 13, 14, 15ನೇ ತಿದ್ದುಪಡಿಗಳು ಬಿಡುಗಡೆ, ಪೌರತ್ವ, ಮತದ ಹಕ್ಕುಗಳನ್ನು ಕೊಟ್ಟರೂ ಭೂಮಿ ಹಳೆಯ ಯಜಮಾನರ ಕೈಯಲ್ಲೇ ಉಳಿದು ಶೇರ್‌ಕ್ರಾಪಿಂಗ್ ಬೇರೂರಿದ್ದರಿಂದ, ರಾಜಕೀಯ ಬದಲಾವಣೆಗೆ ಆರ್ಥಿಕ ಬುಡ ಸಿಗಲಿಲ್ಲ" ಎಂದರೆ ಅಂಕ ಬರುತ್ತದೆ. (ಶೇರ್‌ಕ್ರಾಪಿಂಗ್ ಅಂದರೇನೆಂದು ಮಗುವಿಗೆ ಹೇಳಲು ಟ್ಯೂಟರೇ ಬೇಕಿಲ್ಲ. ನಮ್ಮೂರಿನ ಕೋರು ಸಾಗುವಳಿ ನೋಡಿದ ಅಜ್ಜನಿಗೆ ಫೋನ್ ಮಾಡಿಸಿದರೆ ಅರ್ಧ ಪಾಲು, ಬೀಜಕ್ಕೆ ಸಾಲ, ತೀರದ ಲೆಕ್ಕ ಎಲ್ಲವೂ ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಎರಡೂ ಒಂದೇ ಅಲ್ಲ, ಆದರೆ ಸಾಲ ಹೇಗೆ ಬೇಲಿಯಾಗುತ್ತದೆ ಎನ್ನುವುದು ಅರ್ಥವಾಗುತ್ತದೆ.)

ಹಿನ್ನೆಲೆಯ ಅಂಕ ತಪ್ಪುವುದು ಒಂದೇ ವಾಕ್ಯ ಬರೆದಾಗ. "ಅಂತರ್ಯುದ್ಧ 1865ರಲ್ಲಿ ಮುಗಿಯಿತು" ಎಂದರೆ ಸಾಲದು. 1863ರ ವಿಮೋಚನಾ ಘೋಷಣೆ, ಯುದ್ಧಕ್ಕೆ ಮುನ್ನ ಗುಲಾಮಗಿರಿಯಲ್ಲಿದ್ದ ಸುಮಾರು 40 ಲಕ್ಷ ಜನ, ಸೋತ ರಾಜ್ಯಗಳನ್ನು ಮತ್ತೆ ಒಕ್ಕೂಟಕ್ಕೆ ಸೇರಿಸುವ ಜಗಳ, ಇವನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಪ್ರಶ್ನೆಗೆ ಗಂಟು ಹಾಕಬೇಕು. ಹೊರಗಿನ ಪುರಾವೆಗೆ ಬಿಡುಗಡೆಯಾದವರ ನೆರವಿಗೆ 1872ರವರೆಗೆ ನಡೆದ ಸರ್ಕಾರಿ ಸಂಸ್ಥೆ ಫ್ರೀಡ್‌ಮೆನ್ಸ್ ಬ್ಯೂರೊ ಆಗಬಹುದು, ಮಿಸಿಸಿಪಿಯಿಂದ 1870ರಲ್ಲಿ ಸೆನೆಟ್‌ಗೆ ಹೋದ ಮೊದಲ ಕಪ್ಪು ಸೆನೆಟರ್ ಹೈರಮ್ ರೆವೆಲ್ಸ್ ಆಗಬಹುದು. ಆದರೆ ಅದು ಕೊಟ್ಟ ಏಳು ದಾಖಲೆಗಳಲ್ಲಿ ಬಂದಿರಬಾರದು, ಮತ್ತು ಬರೀ ಹೆಸರು ಉದುರಿಸಿದರೆ ಸಾಲದು. ವಾದಕ್ಕೆ ಅದು ಏನು ಮಾಡುತ್ತದೆ ಎಂಬ ವಾಕ್ಯ ಜೊತೆಗಿರಬೇಕು.

ಎಲ್ಲಕ್ಕಿಂತ ಹೆಚ್ಚು ತಿದ್ದಿಸಿಕೊಂಡದ್ದು ದಾಖಲೆಯ ಮೂಲದ ವಿಶ್ಲೇಷಣೆ. 1866ರಲ್ಲಿ ಒಬ್ಬ ತೋಟದ ಮಾಲೀಕ ಬರೆದ ಪತ್ರ ಸಿಕ್ಕಿತು ಎನ್ನಿ. "ಬರೆದವನು ಬಿಳಿಯ ಮಾಲೀಕ, ಹಾಗಾಗಿ ಪಕ್ಷಪಾತಿ" ಎಂಬ ವಾಕ್ಯಕ್ಕೆ ಸೊನ್ನೆ. "ಬಿಡುಗಡೆಯಾದವರನ್ನು ಕೂಲಿ ಒಪ್ಪಂದಕ್ಕೆ ಕಟ್ಟಿಹಾಕಬೇಕಾದ ಹೊತ್ತಿನಲ್ಲಿ ಬರೆದದ್ದರಿಂದ, ಕಪ್ಪು ಜನ ತಾವಾಗಿ ದುಡಿಯುವುದಿಲ್ಲ ಎನ್ನುವ ಆತನ ಮಾತು ಬ್ಲ್ಯಾಕ್ ಕೋಡ್‌ಗಳಿಗೆ ಸಮರ್ಥನೆ ಹುಡುಕುತ್ತಿದೆ" ಎಂದರೆ ಲೆಕ್ಕಕ್ಕೆ ಬರುತ್ತದೆ. (ಬ್ಲ್ಯಾಕ್ ಕೋಡ್ ಅಂದರೆ ಬಿಡುಗಡೆಯಾದ ಕಪ್ಪು ಜನರ ದುಡಿಮೆ, ಓಡಾಟಗಳನ್ನು ಕಟ್ಟಿಹಾಕಿದ ದಕ್ಷಿಣದ ರಾಜ್ಯಗಳ ಕಾನೂನುಗಳು.) ಈ ವ್ಯತ್ಯಾಸ ವಿಡಿಯೊ ನೋಡಿ ಕೈಗೆ ಹತ್ತುವುದಿಲ್ಲ. ಯಾರೋ ಒಬ್ಬರು ಮಗುವಿನದೇ ವಾಕ್ಯದ ಮೇಲೆ ಬೆರಳಿಟ್ಟು "ಹಾಗಾದರೆ ಏನು?" ಎಂದು ಹತ್ತು ಸಲ ಕೇಳಬೇಕು. ಸುಮಾರು ನಾಲ್ಕನೇ ಪ್ರಬಂಧದ ಹೊತ್ತಿಗೆ ಅದು ತಾನಾಗಿ ಬರತೊಡಗುತ್ತದೆ.

ಟ್ಯೂಟರ್ ಆರಿಸುವಾಗ ಕೇಳಲೇಬೇಕಾದ ಒಂದು ಪ್ರಶ್ನೆ: "ದಾಖಲೆಗಳ ಎರಡೂ ಅಂಕ ಸಿಗಲು ವಾದಕ್ಕೆ ಎಷ್ಟು ದಾಖಲೆ ಬಳಸಬೇಕು?" 2023–24ರ ಶಾಲಾ ವರ್ಷದಿಂದ ಉತ್ತರ ನಾಲ್ಕು, ಅದಕ್ಕೆ ಮುಂಚೆ ಆರು. ಮೂಲದ ವಿಶ್ಲೇಷಣೆಯೂ ಮೂರರಿಂದ ಎರಡು ದಾಖಲೆಗೆ ಇಳಿದಿದೆ. "ಆರು" ಎಂದು ಉತ್ತರ ಬಂದರೆ ಅವರ ನೋಟ್ಸ್ ಹಳತು. ಇದು ಸಣ್ಣ ತಪ್ಪಲ್ಲ. ಆರು ದಾಖಲೆಗಳನ್ನು ತುರುಕುವ ಧಾವಂತದಲ್ಲಿ ಮಗು ಪ್ರತಿಯೊಂದಕ್ಕೂ ಒಂದೊಂದು ವಾಕ್ಯದ ಸಾರಾಂಶ ಬರೆಯುತ್ತದೆ, ವಾದ ಕಳಚಿಬೀಳುತ್ತದೆ. ಸಂಕೀರ್ಣತೆಯ ಅಂಕ "ಯಾರಿಗೂ ಸಿಗುವುದಿಲ್ಲ, ಬಿಟ್ಟುಬಿಡು" ಎನ್ನುವ ಸಲಹೆಯೂ ಅದೇ ಹಳೆಯ ಕಾಲದ್ದು. ಈಗ ಏಳೂ ದಾಖಲೆಗಳನ್ನು ವಾದಕ್ಕೆ ಸಮರ್ಥವಾಗಿ ಬಳಸಿದರೆ, ಇಲ್ಲವೇ ನಾಲ್ಕು ದಾಖಲೆಗಳ ಮೂಲವನ್ನು ಸರಿಯಾಗಿ ವಿವರಿಸಿದರೆ ಅದು ಸಿಗುವ ದಾರಿ ಇದೆ. ಚುರುಕು ವಿದ್ಯಾರ್ಥಿ ಅದನ್ನು ಬಿಡಬಾರದು. ಮನೆಯಲ್ಲಿ ಅಣ್ಣನೋ ಅಕ್ಕನೋ ಬಳಸಿದ ಹಳೆಯ ತಯಾರಿ ಪುಸ್ತಕವಿದ್ದರೆ ಘಟನೆಗಳಿಗೆ ಇಟ್ಟುಕೊಳ್ಳಿ, ರೂಬ್ರಿಕ್‌ಗೆ ಬೇಡ.

ಕಿರು ಉತ್ತರಗಳ ಬಗ್ಗೆ ಹೇಳುವುದು ಕಡಿಮೆ. ಪ್ರತಿ ಪ್ರಶ್ನೆಗೆ ಎ, ಬಿ, ಸಿ ಎಂದು ಮೂರು ಭಾಗ, ತಲಾ ಒಂದು ಅಂಕ. ಪೀಠಿಕೆ ಬೇಡ, ಥೀಸಿಸ್ ಬೇಡ. ಉತ್ತರ, ಒಂದು ನಿಖರ ಉದಾಹರಣೆ, ಅದು ಹೇಗೆ ಉತ್ತರವಾಗುತ್ತದೆ ಎನ್ನುವ ಒಂದು ವಾಕ್ಯ. ಎರಡು ತರಗತಿ ಸಾಕು. ಬಹುಆಯ್ಕೆಗೆ ಟ್ಯೂಟರ್ ಸಮಯ ಕೊಡುವುದೇ ಬೇಡ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು ಎನ್ನುವುದೊಂದು ನೆನಪಿದ್ದರೆ ಆಯಿತು.

ಭಾರತ ಮೂಲದ ಮನೆಗಳ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ತಪ್ಪು ಇದೆ: ವಲಸೆಯ ಪ್ರಶ್ನೆ ಬಂದ ಕೂಡಲೇ 1965ರ ವಲಸೆ ಕಾಯ್ದೆ. ಅಪ್ಪ ಅಮ್ಮ ಈ ದೇಶಕ್ಕೆ ಬರಲು ಬಾಗಿಲು ತೆರೆದ ಕಾನೂನು ಅದು, ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಪ್ರಶ್ನೆಯ ಕಾಲ 1880ರಿಂದ 1925 ಎಂದಿದ್ದರೆ ಅದು ಪುರಾವೆಯಾಗಿ ನಿಲ್ಲುವುದಿಲ್ಲ. ಅಲ್ಲಿ ಬೇಕಾದದ್ದು 1882ರ ಚೀನೀ ನಿಷೇಧ ಕಾಯ್ದೆ, ಭಾರತವನ್ನೂ ಒಳಗೊಂಡ ಏಷ್ಯಾದ ದೊಡ್ಡ ಭಾಗಕ್ಕೆ ಬಾಗಿಲು ಹಾಕಿದ 1917ರ ಕಾಯ್ದೆ, ರಾಷ್ಟ್ರವಾರು ಕೋಟಾದ 1924ರ ಕಾಯ್ದೆ. ನಡುವೆ 1923ರಲ್ಲಿ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಭಾರತೀಯರು ಪೌರತ್ವ ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತು. ಭಾರತೀಯರಿಗೆ ಪೌರತ್ವದ ಹಕ್ಕೂ ವರ್ಷಕ್ಕೆ 100 ಜನರ ಕೋಟಾವೂ ಬಂದದ್ದು 1946ರಲ್ಲಿ. ಮನೆಯ ಚರಿತ್ರೆಯನ್ನು ಬಿಡಬೇಕಿಲ್ಲ, ಸರಿಯಾದ ವರ್ಷದ ಪಕ್ಕದಲ್ಲಿಡಬೇಕು ಅಷ್ಟೆ.

ಅಗ್ಗವೆಂದು ಭಾರತದಲ್ಲಿರುವ ಟ್ಯೂಟರನ್ನು ಹಿಡಿಯುವವರು ಗಡಿಯಾರ ನೋಡಿಕೊಳ್ಳಬೇಕು. ನ್ಯೂಜೆರ್ಸಿಯ ಸಂಜೆ 7 ಗಂಟೆ ಬೇಸಿಗೆಯ ಲೆಕ್ಕದಲ್ಲಿ ಬೆಂಗಳೂರಿನ ಬೆಳಗಿನ ಜಾವ 4:30. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಹಿಂದೆ ಸರಿದ ಮೇಲೆ 5:30. ಮಾರ್ಚ್ ಎರಡನೇ ಭಾನುವಾರ ಮತ್ತೆ 4:30. ಈ ಎರಡು ವಾರಗಳಲ್ಲಿ ತರಗತಿ ತಪ್ಪುವುದು ಸಾಮಾನ್ಯ, ತಪ್ಪಿದ ತರಗತಿಯ ಶುಲ್ಕ ಯಾರ ತಲೆಗೆ ಎಂದು ಮೊದಲೇ ಬರೆಸಿಕೊಳ್ಳಿ. ಕ್ಯಾಲಿಫೋರ್ನಿಯಾದವರಿಗೆ ಈ ಕಷ್ಟ ಕಡಿಮೆ. ಅಲ್ಲಿನ ಸಂಜೆ 7 ಬೆಂಗಳೂರಿನ ಬೆಳಗ್ಗೆ 7:30 ಅಥವಾ 8:30.

ಕೈಬರಹದ ಪ್ರಬಂಧ ಕೇಳುವ ಟ್ಯೂಟರಿಗೆ ಬೇಡವೆನ್ನಿ. 2025ರ ಮೇಯಿಂದ ಈ ಪರೀಕ್ಷೆ ಪೂರ್ತಿ ಬ್ಲೂಬುಕ್ ಆ್ಯಪ್‌ನಲ್ಲಿ ನಡೆಯುತ್ತದೆ, ಪ್ರಬಂಧವನ್ನೂ ಟೈಪ್ ಮಾಡಬೇಕು. ಅಭ್ಯಾಸವೂ ಹಾಗೆಯೇ ಆಗಬೇಕು: ಪರದೆಯ ಮೇಲೆ ದಾಖಲೆ, ಪಕ್ಕದಲ್ಲಿ ಚೂರು ಕಾಗದ, ಮೊದಲ 15 ನಿಮಿಷ ಓದು ಮತ್ತು ಚೌಕಟ್ಟು, ಉಳಿದ 45 ನಿಮಿಷ ಬರವಣಿಗೆ. ಎರಡು ಪ್ರಬಂಧಗಳೂ ಒಟ್ಟು 100 ನಿಮಿಷದೊಳಗೆ ಮುಗಿಯಬೇಕು. ಡಿಬಿಕ್ಯೂವನ್ನು ಚಂದ ಮಾಡಲು ಹೋಗಿ 75 ನಿಮಿಷ ತೆಗೆದುಕೊಂಡರೆ ಎಲ್‌ಇಕ್ಯೂಗೆ ಉಳಿಯುವುದು 25. ಆರು ಅಂಕದ ಆ ಪ್ರಬಂಧದಲ್ಲಿ ಥೀಸಿಸ್ ಮತ್ತು ಹಿನ್ನೆಲೆ ಬರೆಯುವಷ್ಟರಲ್ಲಿ ಹೊತ್ತು ಮುಗಿಯುತ್ತದೆ.

ಮತ್ತೊಮ್ಮೆ ಕೊಳ್ಳುವುದಾದರೆ 32 ತರಗತಿ ಬೇಡ, 14 ಸಾಕು. ನವೆಂಬರ್‌ವರೆಗೆ ಉಚಿತ ವಿಡಿಯೊ ಮತ್ತು ಶಾಲೆಯ ಪಾಠ. ಆಮೇಲೆ ಎರಡು ವಾರಕ್ಕೊಂದು ಡಿಬಿಕ್ಯೂ ತಿದ್ದುಪಡಿಯಂತೆ ಏಳು, ಎಲ್‌ಇಕ್ಯೂಗೆ ಮೂರು, ಕಿರು ಉತ್ತರಕ್ಕೆ ಎರಡು, ಏಪ್ರಿಲ್‌ನಲ್ಲಿ ಪೂರ್ತಿ ಅಣಕು ಪರೀಕ್ಷೆಯ ವಿಮರ್ಶೆಗೆ ಎರಡು. ಪ್ರಶ್ನೆಗಳಿಗೆ ಬರವಿಲ್ಲ: ಕಾಲೇಜ್ ಬೋರ್ಡ್ ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನೂ ಅಂಕ ಹಾಕಿದ ನಿಜವಾದ ಉತ್ತರಗಳನ್ನೂ ತನ್ನ ತಾಣದಲ್ಲಿ ಇಟ್ಟಿದೆ. 2024 ಮತ್ತು ಅದರ ಈಚಿನವನ್ನೇ ತೆಗೆದುಕೊಂಡರೆ ರೂಬ್ರಿಕ್ ಗೊಂದಲವಿಲ್ಲ. ಟ್ಯೂಟರ್ ಹಾಕಿದ ಅಂಕ ನಂಬಬಹುದೇ ಎಂದು ನೋಡಲು, ಆ ಮಾದರಿ ಉತ್ತರಗಳಲ್ಲಿ ಒಂದನ್ನು ಅಂಕ ಮರೆಮಾಡಿ ಮೊದಲ ತರಗತಿಗೇ ಕಳಿಸಿ. ಅವರು ಹಾಕಿದ್ದು ಬೋರ್ಡ್ ಹಾಕಿದ ಅಂಕಕ್ಕಿಂತ ಒಂದಕ್ಕಿಂತ ಹೆಚ್ಚು ಆಚೀಚೆ ಆದರೆ ಎರಡನೇ ತರಗತಿಗೆ ಬೇರೆಯವರನ್ನು ಕೇಳಿ.