335ಇ ಬಸ್ಸಲ್ಲಿ ಕೊಡೆ ತಾತ ಸಿಕ್ಕರೆ ಹುಷಾರು

ಮಾರತ್ತಹಳ್ಳಿಯಿಂದ ಮೆಜೆಸ್ಟಿಕ್‌ಗೆ 335ಇ ಬಸ್ಸಲ್ಲಿ ಓಡಾಡುವವರು ಇದನ್ನು ಓದಿ. 500 ರೂಪಾಯಿ ಕಳೆದುಕೊಂಡೆ. ಅದೂ ಒಬ್ಬ ತಿಕ್ಕಲು ತಾತನಿಗೆ. ತಿಕ್ಕಲು ಅಂದುಕೊಂಡಿದ್ದು ನಾನು.

ದೊಮ್ಮಲೂರಲ್ಲಿ ಹತ್ತಿದರು. ಕೊರಳಲ್ಲಿ ಸೇವಂತಿಗೆ ಹಾರ, ಕೈಯಲ್ಲಿ ಕಪ್ಪು ಕೊಡೆ. ಬಸ್ಸೊಳಗೇ ಕೊಡೆ ಬಿಚ್ಚಿದರು! ಸ್ಟಾಪ್ ಬಂದಾಗಲೆಲ್ಲ ಕಂಡಕ್ಟರ್‌ಗಿಂತ ಮೊದಲೇ "ಹೋಲ್ಡಾನ್, ಹೋಲ್ಡಾನ್" ಅಂತ ಕೂಗುತ್ತಿದ್ದರು. "ಹಿಂದೆ ಹೋಗಿ ತಾತ, ಇದು ಲೇಡೀಸ್ ಸೀಟು" ಅಂದರೂ ಕದಲಲಿಲ್ಲ. ನನ್ನ ಫ್ರೀ ಟಿಕೆಟ್ ನೋಡಿ, "2023ರ ಜೂನಿಂದ ನೀವೆಲ್ಲ ಮಹಾರಾಣಿಯರು, ನಾನೊಬ್ಬನೇ ಕಂದಾಯ ಕಟ್ಟೋ ಪ್ರಜೆ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೆಸರು ಕೇಳಿದರು, ಹೇಳಿದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ಹಳೇ ತಮಿಳು ಶಾಸನಗಳಿವೆ ಅಂತ ಕಥೆ ಬೇರೆ. ಮನೆಗೆ ಬಂದು ಹುಡುಕಿದೆ. ಅದು ನಿಜವೇ. ದುಡ್ಡು ಮಾತ್ರ ಸುಳ್ಳು.

"ಮಗಳೇ, ಮಾರ್ಕೆಟ್ಟಲ್ಲಿ ಹೂವಿನವಳಿಗೆ ಕೈಗೇ ಕಾಸು ಕೊಡಬೇಕು. ನಿನಗೆ ಫೋನ್‌ಪೇ ಮಾಡ್ತೀನಿ, ಒಂದು 500 ಕೊಡು."

ಈ ಜಾಗದಲ್ಲೇ ನನಗೆ ಹೊಳೆಯಬೇಕಿತ್ತು. ಈಗ ಹೂವಿನವರ ಹತ್ತಿರವೂ ಕ್ಯೂಆರ್ ಕೋಡ್ ಇರುತ್ತದೆ. ಎಳನೀರಿನವರ ಹತ್ತಿರವೂ ಇರುತ್ತದೆ. ಅಯ್ಯೋ, ಬಸ್ಸಲ್ಲೇ ಅಂಟಿಸಿದ್ದರು! ಫೋನಲ್ಲಿ ದುಡ್ಡಿದ್ದವರು ಟಿಕೆಟ್ಟಿಗೆ ಯಾಕೆ ಚಿಲ್ಲರೆ ಎಣಿಸಿ ಕೊಟ್ಟರು? ನನ್ನ ಕಣ್ಣೆದುರೇ ಎಣಿಸಿದ್ದರು. ಹೊಳೆಯಲಿಲ್ಲ. ನೋಟು ಕೊಟ್ಟೆ, ನಂಬರೂ ಹೇಳಿದೆ.

ಪರದೆ ತೋರಿಸಿದರು. ಹಸಿರು ಟಿಕ್, ನನ್ನ ಹೆಸರು, 500. ಹೆಸರು ನಾನೇ ಹೇಳಿದ್ದಲ್ವಾ!

"ಮೆಸೇಜ್ ಬಂದಿಲ್ವಲ್ಲ ತಾತ?"

"ಸರ್ವರ್ ನಿನ್ನಷ್ಟು ಚುರುಕಿಲ್ಲ ಮಗಳೇ. ಕಾರ್ಪೊರೇಷನ್ ಬರೋದ್ರೊಳಗೆ ಬರುತ್ತೆ."

ಕಾರ್ಪೊರೇಷನ್ ಬಂತು. ಅವನು ಇಳಿದ. (ಇನ್ನು ಬಹುವಚನ ಕೊಡಲು ನನ್ನ ಕೈಲಾಗದು.) ದುಡ್ಡು ಇವತ್ತಿಗೂ ಬಂದಿಲ್ಲ.

ಯಾರೇ ಪರದೆ ತೋರಿಸಿದರೂ ನಂಬಬೇಡಿ. ನಿಮ್ಮ ಬ್ಯಾಂಕ್ ಖಾತೆಗೆ ದುಡ್ಡು ಬಿದ್ದಿದೆಯಾ ನೋಡಿಕೊಂಡು ಆಮೇಲೆ ನೋಟು ಬಿಡಿ. ಮೋಸ ಹೋದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಮಾಡಲಿಲ್ಲ. ಏನಂತ ಹೇಳಲಿ, ಬಸ್ಸಲ್ಲಿ ಕೊಡೆ ಬಿಚ್ಚಿದವನಿಗೆ ನಾನೇ ಕೈಯಾರೆ ಕೊಟ್ಟೆ ಅಂತಲಾ?

ಕಥೆ ಇಲ್ಲಿಗೆ ಮುಗಿದಿದ್ದರೆ ಸುಮ್ನೆ ಇರುತ್ತಿದ್ದೆ. ಮೊನ್ನೆ ಶುಕ್ರವಾರ ಅದೇ ಬಸ್ಸು, ಅದೇ ಹಾರ, ಅದೇ ಕೊಡೆ. ಎದ್ದು ಹೋಗಿ "ನನ್ನ 500 ಕೊಡಿ" ಅಂದೆ. ನನ್ನ ದನಿ ಸ್ವಲ್ಪ ಜಾಸ್ತಿಯೇ ಏರಿತ್ತು, ಒಪ್ಪುತ್ತೇನೆ. ಅವನು ನನ್ನ ತಲೆ ಮೇಲೆ ಕೊಡೆ ಹಿಡಿದ.

"ಹೋಲ್ಡಾನ್! ಪಾಪ, ಈ ತಾಯಿಗೆ ಬಿಸಿಲು ತಲೆಗೇರಿದೆ. ಯಾರಾದ್ರೂ ನೀರು ಕೊಡ್ರಪ್ಪಾ!"

ಇಡೀ ಬಸ್ಸು ನನ್ನನ್ನೇ ನೋಡಿತು. ಪಕ್ಕದ ಸೀಟಿನ ಅಜ್ಜಿ ನಿಜವಾಗಿಯೂ ಬಾಟಲಿ ಚಾಚಿ, "ಕುಡಿಯಮ್ಮ, ಸುಧಾರಿಸಿಕೋ" ಅಂದರು.

500 ಹಾಳಾಗಿ ಹೋಗಲಿ. ಆ ನೀರನ್ನು ನಾನು ಕುಡಿದುಬಿಟ್ಟೆನಲ್ಲ, ಅದೇ ಹೊಟ್ಟೆ ಉರಿ.