ಕನ್ಸೋಲ್ ಗೇಮ್‌ಗೆ ಜಾವಾನಾ, ಸಿ ಶಾರ್ಪಾ? ಎರಡರಲ್ಲೂ ಬುಗುರಿ ಬೀಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ನಾನೀಗ ಸಿ ಶಾರ್ಪ್ ಪಕ್ಷ. ಹತ್ತು ವರ್ಷದಿಂದ ಹಗಲೆಲ್ಲ ಜಾವಾ ಬರೆದೇ ಹೊಟ್ಟೆ ಹೊರೆಯುತ್ತಿರುವವನು ಹೀಗನ್ನುತ್ತಿದ್ದಾನೆ ಅಂದರೆ ಏನೋ ಆಗಿರಬೇಕು, ಅಲ್ವಾ?

ರಾತ್ರಿ ಊಟ ಆದಮೇಲೆ ಕೂತು ಲಿಬ್‌ಜಿಡಿಎಕ್ಸ್ ಅನ್ನುವ ಜಾವಾ ಗೇಮ್ ಲೈಬ್ರರಿಯಲ್ಲಿ ಒಂದು ಬುಗುರಿ ಗೇಮ್ ಮಾಡಿದೆ. ಅಂಗಳದಲ್ಲಿ ಒಂದು ಸುತ್ತು ಗೆರೆ, ಒಳಗೆ ಎದುರಾಳಿಯ ಬುಗುರಿ, ನೀವು ಚಾಟಿ ಸುತ್ತಿ ಬೀಸಿ ಅದಕ್ಕೆ ಗುನ್ನ ಹೊಡೆಯಬೇಕು. ಪಿಸಿಯಲ್ಲಿ ಸಲೀಸಾಗಿ ಓಡಿತು. ಸ್ಟೀಮ್ ಡೆಕ್ ಅನ್ನುವ ಕೈಯಲ್ಲಿ ಹಿಡಿಯುವ ಗೇಮ್ ಪಿಸಿಯಲ್ಲೂ ಓಡಿತು, ಅದರೊಳಗಿರುವುದು ಲಿನಕ್ಸ್ ತಾನೇ. ಆಮೇಲೆ ಆಸೆ ಹತ್ತಿತು, ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 5 (ಪಿಎಸ್5) ಥರದ ಕನ್ಸೋಲ್‌ಗಳಿಗೂ, ಅಂದರೆ ಗೇಮ್ ಆಡಲೆಂದೇ ಇರುವ ಯಂತ್ರಗಳಿಗೂ ತರೋಣ ಅಂತ.

ಎಡವಿದ್ದು ಇಲ್ಲಿ. ಜಾವಾ ವೇಗವಾಗಿ ಓಡುವುದು ಜಿಟ್ ಕಂಪೈಲರ್ ದಯೆಯಿಂದ. ಗೇಮ್ ನಡೆಯುತ್ತಿರುವಾಗಲೇ ಅದು ಮೆಮೊರಿಯಲ್ಲಿ ಹೊಸ ಮೆಷಿನ್ ಕೋಡ್ (ಯಂತ್ರಕ್ಕೆ ನೇರವಾಗಿ ಅರ್ಥವಾಗುವ ಆದೇಶ) ಬರೆದು ಅಲ್ಲೇ ಓಡಿಸುತ್ತದೆ. ಕನ್ಸೋಲ್‌ಗಳು ಸಾಮಾನ್ಯ ಗೇಮ್‌ಗೆ ಅದನ್ನು ಬಿಡುವುದಿಲ್ಲ. ಬರೆಯುವ ಜಾಗ ಬೇರೆ, ಓಡಿಸುವ ಜಾಗ ಬೇರೆ, ಹ್ಯಾಕ್ ಮಾಡುವವರ ಕಾಟಕ್ಕೆ ಈ ಬೇಲಿ. ಹಾಗಾಗಿ ಎಲ್ಲವನ್ನೂ ಮೊದಲೇ ಮೆಷಿನ್ ಕೋಡ್ ಮಾಡಿಕೊಂಡು ಹೋಗಬೇಕು.

ಡೆವ್‌ಕಿಟ್, ಅಂದರೆ ಗೇಮ್ ಮಾಡುವವರಿಗೆಂದು ಕೊಡುವ ಕನ್ಸೋಲ್, ನನ್ನ ಹತ್ತಿರ ಇಲ್ಲ. ಅದಕ್ಕೇ ಪಿಸಿಯಲ್ಲೇ ಅದೇ ಕಟ್ಟುಪಾಡು ಹಾಕಿಕೊಂಡು ನೋಡಿದೆ, ಜಾವಾ ಕೋಡನ್ನು ನೇಟಿವ್ ಮಾಡುವ, ಅಂದರೆ ಮೊದಲೇ ಮೆಷಿನ್ ಕೋಡ್ ಮಾಡಿಕೊಡುವ ಒಂದು ಟೂಲ್ ಹಿಡಿದು. ಬಿಲ್ಡ್ ಆಯಿತು, ಗೇಮ್ ತೆರೆಯಿತು, ಹಾಡೂ ಬಂತು. ಆದರೆ ಅಂಗಳ ಖಾಲಿ! ಗೆರೆ ಇಲ್ಲ, ಬುಗುರಿ ಇಲ್ಲ. ಬೆಳಗಿನ ಜಾವ ಎರಡರ ತನಕ ಹುಡುಕಿದ ಮೇಲೆ ಗೊತ್ತಾಯಿತು. ನನ್ನ ಲೆವೆಲ್‌ಗಳೆಲ್ಲ ಜೇಸನ್ ಅನ್ನುವ ಪಠ್ಯ ಫೈಲಿನಲ್ಲಿವೆ, ಅದನ್ನು ಓದುವುದು ರಿಫ್ಲೆಕ್ಷನ್ ಮೂಲಕ, ಅಂದರೆ ಗೇಮ್ ಓಡುವಾಗ ಫೀಲ್ಡ್‌ಗಳನ್ನು (ಡೇಟಾ ಇಡುವ ಖಾನೆಗಳನ್ನು) ಹೆಸರಿನಿಂದ ಹುಡುಕಿ ತುಂಬುವುದು. ಕೋಡಿನಲ್ಲಿ ನೇರವಾಗಿ ಯಾರೂ ಕರೆಯದ ಫೀಲ್ಡ್‌ಗಳು ಬೇಡ ಅಂತ ಟೂಲ್ ಕಿತ್ತು ಹಾಕಿತ್ತು. ಗೊತ್ತಿಲ್ಲದ ಫೀಲ್ಡ್ ಬಂದರೆ ಸುಮ್ನೆ ಬಿಟ್ಟುಬಿಡು ಅಂತ ಹಿಂದೊಮ್ಮೆ ನಾನೇ ಸೆಟ್ ಮಾಡಿದ್ದೆ, ಹಾಗಾಗಿ ಒಂದು ಎರರ್ ಕೂಡ ಇಲ್ಲ.

ಮದ್ದು ಇದೆ. ಗೇಮನ್ನು ಮಾಮೂಲಿ ಜಾವಾದಲ್ಲಿ ಆಡಿದರೆ ಯಾವುದೆಲ್ಲ ಬಳಕೆಯಾಯಿತು ಅಂತ ಟೂಲ್ ಬರೆದುಕೊಳ್ಳುತ್ತದೆ. ಆದರೆ ಆಡಿದಷ್ಟನ್ನೇ! ನಾನು ಎಂಟನೇ ಲೆವೆಲ್‌ಗೆ ನಿಲ್ಲಿಸಿ ಮಲಗಿದ್ದೆ. ಒಂಬತ್ತರಲ್ಲಿ ಬರುವ ಕಬ್ಬಿಣದ ಬುಗುರಿ ಮರುದಿನ ಮತ್ತೆ ನಾಪತ್ತೆ. ಪ್ರತಿ ಬದಲಾವಣೆಗೂ ಗೇಮನ್ನು ಕೊನೆತನಕ ಆಡಿ ಮುಗಿಸುವಷ್ಟು ಪುರುಸೊತ್ತು ಯಾರಿಗಿದೆ?

ಸಿ ಶಾರ್ಪ್‌ಗೆ ಬದಲಾಯಿಸಿ, ಅದರ ಗೇಮ್ ಲೈಬ್ರರಿ ಮೊನೊಗೇಮ್‌ನಲ್ಲಿ ಬರೆಯಲು ಮೂರು ವಾರ ಹಿಡಿಯಿತು. ಭಾಷೆ ಅಣ್ಣತಮ್ಮನ ಹಾಗೆ, ಅರ್ಧಕ್ಕರ್ಧ ಕಾಪಿ ಪೇಸ್ಟ್. ಅಲ್ಲೂ ನೇಟಿವ್ ಮಾಡುವಾಗ ರಿಫ್ಲೆಕ್ಷನ್‌ಗೆ ಕತ್ತರಿ ಬೀಳುತ್ತದೆ, ಆದರೆ ಬಿಲ್ಡ್ ಹೊತ್ತಿಗೇ ಈ ಸಾಲು ಕೈಕೊಡಬಹುದು ಅಂತ ವಾರ್ನಿಂಗ್ ಬಂತು. ಫೈಲ್ ಓದುವ ಕೋಡನ್ನು ಬಿಲ್ಡ್ ಹೊತ್ತಿಗೇ ಬರೆದುಕೊಡುವ ಸೋರ್ಸ್ ಜನರೇಟರ್ ಹಾಕಿದೆ, ಸರಿಹೋಯಿತು.

ಇನ್ನೊಂದು, ಧೂಳು. ಬುಗುರಿ ತಿರುಗಿದಾಗ ಏಳುವ ಧೂಳಿನ ಕಣಕ್ಕೆಲ್ಲ ಜಾವಾದಲ್ಲಿ ಪ್ರತಿ ಫ್ರೇಮ್‌ಗೂ ಹೊಸ ವೆಕ್ಟರ್ (ಕಣ ಎಲ್ಲಿದೆ ಅನ್ನುವ ಅಂಕಿಗಳ ಜೋಡಿ) ಮಾಡುತ್ತಿದ್ದೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದಕ್ಕೆ ಸಿಗುವುದೇ ಸುಮಾರು 16 ಮಿಲಿಸೆಕೆಂಡ್, ಬಳಸಿ ಬಿಟ್ಟ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಬಂದಾಗ ಬುಗುರಿ ತಡವರಿಸುತ್ತಿತ್ತು. ಒಮ್ಮೆ ಮಾಡಿದ್ದನ್ನೇ ಮತ್ತೆ ಮತ್ತೆ ಬಳಸುವ ಹಾಗೆ ಪೂಲ್ ಮಾಡಿಟ್ಟುಕೊಂಡು ಸರಿಮಾಡಿದೆ. ಸಿ ಶಾರ್ಪ್‌ನಲ್ಲಿ ವೆಕ್ಟರ್ ಸ್ಟ್ರಕ್ಟ್ (ಸಾಮಾನ್ಯವಾಗಿ ಕಲೆಕ್ಟರ್‌ಗೆ ಕಸ ಉಳಿಸದ ಬಗೆ) ಆಗಿರುವುದರಿಂದ ಆ ತಲೆನೋವೇ ಇಲ್ಲ.

ಸಿ ಪ್ಲಸ್ ಪ್ಲಸ್? ವೇಗಕ್ಕೆ ಅದೇ ರಾಜ, ನನ್ನ ಕೈಯಲ್ಲಿ ಆಗಲ್ಲ.

ಜಾವಾ ಗೇಮ್ ಕನ್ಸೋಲ್‌ಗೆ ಬಂದೇ ಇಲ್ಲ ಅಂತೇನಿಲ್ಲ. ಪಿಸಿಯಲ್ಲಿ ಜಾವಾ ಆಗಿ ಹುಟ್ಟಿದ ಮೈನ್‌ಕ್ರಾಫ್ಟ್ 2012ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂತು, ಆದರೆ ಬಂದದ್ದು ಸಿ ಪ್ಲಸ್ ಪ್ಲಸ್‌ನಲ್ಲಿ. ಲಿಬ್‌ಜಿಡಿಎಕ್ಸ್‌ನಲ್ಲೇ ಮಾಡಿದ ಸ್ಲೇ ದ ಸ್ಪೈರ್ 2019ರಲ್ಲಿ ಪಿಎಸ್4ಗೂ ಸ್ವಿಚ್‌ಗೂ ಬಂತು. ಅಷ್ಟೊಂದು ಮಾರಿದ ಗೇಮ್ ಯಾವ ಖರ್ಚನ್ನಾದರೂ ತಾಳಿಕೊಳ್ಳುತ್ತದೆ ಬಿಡಿ.

ದುಡ್ಡಿನ ಲೆಕ್ಕದಲ್ಲಿ ಲಿಬ್‌ಜಿಡಿಎಕ್ಸ್, ಮೊನೊಗೇಮ್ ಎರಡೂ ಪುಕ್ಕಟೆ. ಮೊನೊಗೇಮ್‌ನ ಕನ್ಸೋಲ್ ಭಾಗ ಮಾತ್ರ ಆಯಾ ಕನ್ಸೋಲ್ ಕಂಪನಿ ನಿಮ್ಮನ್ನು ಡೆವಲಪರ್ ಅಂತ ಒಪ್ಪಿದ ಮೇಲೆ ಸಿಗುತ್ತದೆ. ಲಿಬ್‌ಜಿಡಿಎಕ್ಸ್‌ಗೆ ಅಧಿಕೃತವಾಗಿ ಅಂಥ ಭಾಗವೇ ಇಲ್ಲ.

ಪಿಸಿ, ಆಂಡ್ರಾಯ್ಡ್, ಸ್ಟೀಮ್ ಡೆಕ್ ಸಾಕು ಅನ್ನುವವರು ಜಾವಾ ಬಿಡಬೇಕಿಲ್ಲ, ನನ್ನ ಹಳೇ ಬುಗುರಿ ಅಲ್ಲಿ ಇವತ್ತಿಗೂ ತಿರುಗುತ್ತಿದೆ. ಸಿ ಶಾರ್ಪ್ ಬುಗುರಿಯ ಅರ್ಜಿ ಹೋದ ವಾರ ಹಾಕಿದ್ದೇನೆ.